ಏಳನೇ ತಿಂಗಳು

ಮಕ್ಕಳನ್ನು ಬಿಟ್ಟರೆ ಅಂಗನವಾಡಿಯ ಊಟ ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮಾತ್ರ. ಬೇರೆಯವರಿಗೆ ಬಡಿಸಿದರೆ ಟೀಚರ್ ಕೆಲಸ ಹೋಗುತ್ತದೆ.

ತಪಾಸಣೆಗೆ ಬಂದ ಮೇಲ್ವಿಚಾರಕಿ ರಿಜಿಸ್ಟರ್ ತಿರುವಿ, ಮೂಲೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ ಹೆಂಗಸನ್ನು ನೋಡಿದರು.

“ನಿನಗೆ ಎಷ್ಟು ತಿಂಗಳಮ್ಮ?”

ಹೆಂಗಸಿನ ಕೈ ತಟ್ಟೆಯಲ್ಲೇ ನಿಂತಿತು. ಟೀಚರೇ ಹೇಳಿದಳು, “ಏಳು, ಮೇಡಂ.”

“ಹೋದ ತಿಂಗಳೂ ಏಳು ಅಂತಲೇ ಬರೆದಿದ್ದೀರಲ್ಲ?”

“ನಾನೇ ತಪ್ಪು ಬರೆದಿರಬೇಕು.”

“ಹೊಟ್ಟೆಯೂ ಅಷ್ಟಾಗಿ ಕಾಣ್ತಿಲ್ಲ.”

“ಮೈಯಲ್ಲಿ ರಕ್ತವೇ ಇಲ್ಲ ಮೇಡಂ. ಮನೇಲಿ ಎರಡು ಹೊತ್ತೂ ಬರೀ ರೇಷನ್ ಅಕ್ಕಿ ಅನ್ನ, ಉಪ್ಪಿನಕಾಯಿ. ಬೇಳೆ, ಸೊಪ್ಪು, ಮೊಟ್ಟೆ ಅಂತ ಕಾಣೋದು ಇಲ್ಲಿ ಮಾತ್ರ.”

ಮೇಲ್ವಿಚಾರಕಿಯ ದನಿ ಮೆತ್ತಗಾಯಿತು. “ಮೊಟ್ಟೆ ಯಾಕಮ್ಮ ಹಾಗೇ ಇಟ್ಟಿದ್ದೀಯ? ಹೊಟ್ಟೇಲಿರೋ ಕೂಸಿಗೋಸ್ಕರ ಆದ್ರೂ ತಿನ್ನು.”

ಹೆಂಗಸು ಮೊಟ್ಟೆಯನ್ನು ನುಂಗಲಾರದೆ ನುಂಗಿದಳು. ಟೀಚರ್ ಸಾರಿನ ಪಾತ್ರೆ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

ಹೋದ ತಿಂಗಳು ಆ ಕೂಸನ್ನು ಮಣ್ಣು ಮಾಡುವ ಮೊದಲು ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟವಳು ಟೀಚರೇ.