ಎದುರು ಬೆಂಚಿನ ಮಾಯಿ

ಮಾಯಿ ಕಾವುಂಗಾ ಎದ್ದು ನಿಂತರು. ಆಡಳಿತ ಪಕ್ಷದ ಬೆಂಚುಗಳಿಂದ ಒಟ್ಟಿಗೇ ಒಂದು ನಿಟ್ಟುಸಿರು ಹೊರಟಿತು. ಊರೆಲ್ಲ 'ಮಾಯಿ', ಅಂದರೆ ಅಮ್ಮ, ಎಂದು ಕರೆಯುವ ಆಕೆ ಒಬ್ಬರೇ ಎದುರು ಬೆಂಚಿನಲ್ಲಿದ್ದವರು. ಆದರೂ ಇಡೀ ಜಿಲ್ಲಾ ಪರಿಷತ್ತಿಗೆ ಆ ಒಬ್ಬರೇ ಸಾಕಾಗಿದ್ದರು.

"ಸರೋವರದ ದಂಡೆ ಮೇಲೆ ಸ್ವಾಗತ ಕಮಾನು ಕಟ್ಟಿಸ್ತೀರಂತೆ. ಆ ಜಾಗ ಮಳೆಗಾಲದಲ್ಲಿ ನೀರೊಳಗಿರುತ್ತೆ," ಎಂದ ಆಕೆ, ಗಂಡಸರನ್ನು ಗೌರವದಿಂದ ಕರೆಯುವ 'ಬಂಬೋ' ಹಚ್ಚಿ ಅಧ್ಯಕ್ಷರನ್ನೇ ಕೇಳಿದರು. "ಸ್ವಾಗತ ಯಾರಿಗೆ ಬಂಬೋ? ಮೀನಿಗಾ?"

ಪ್ರೇಕ್ಷಕರ ಸಾಲಿನಲ್ಲಿದ್ದ ಮೀನುಗಾರರು ಬಿದ್ದು ಬಿದ್ದು ನಕ್ಕರು. ಅಧ್ಯಕ್ಷ ಲೆಕೆಲೇನಿ ಮ್ಸೋಸಾ ಮುಖ ಗಂಟಿಕ್ಕಿ ಮೇಜು ಗುದ್ದಿದರು. ಗುದ್ದಿ, ಪ್ರಸ್ತಾವವನ್ನು ವಾಪಸು ಪಡೆದರು.

ಪಕ್ಷದ ಕಾರ್ಯದರ್ಶಿ ಉಲೆಮು ಮೂಲೆಯಲ್ಲಿ ಕೂತು ಬೆವರಿದ. ಕಮಾನಿನ ಗುತ್ತಿಗೆ ಪಕ್ಷದ ಪ್ರಾಂತ್ಯ ಮುಖ್ಯಸ್ಥ ನ್ಯಾಲುಗ್ವೆಯವರ ಅಳಿಯನಿಗೆ ಹೋಗಬೇಕಿತ್ತು. ಎಲ್ಲಿ ಕಟ್ಟುವುದೆಂದು ಪಕ್ಷದ ಹೊರಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಒಣಮೀನು ಮಾರುವ ಹೆಂಗಸಿಗೆ ಇದನ್ನು ಹೇಳಿದವರು ಯಾರು?

ನ್ಯಾಲುಗ್ವೆಯವರ ಫೋನು ಬರಲು ತಡವಾಗಲಿಲ್ಲ.

"ನಿಮ್ಮೂರಿನ ಪಕ್ಷ ಸೋರ್ತಾ ಇದೆ, ಉಲೆಮು. ಎಲ್ಲಿಂದ ಅಂತ ಹುಡುಕು. ಸಿಗದಿದ್ರೆ ನೀನೇ ಅಂದ್ಕೋತೀನಿ."

ಉಲೆಮು ಅಧ್ಯಕ್ಷರ ಕೋಣೆಗೆ ಓಡಿದ. "ಬಂಬೋ, ಮಾಯಿ ಕಾವುಂಗಾನ ನಮ್ಮ ಪಕ್ಷಕ್ಕೇ ಸೇರಿಸ್ಕೊಂಡ್ಬಿಡೋಣ. ಮಾರುಕಟ್ಟೆ ಸಮಿತಿ ಕೊಟ್ರೆ ಬಂದಾರು."

"ಬೇಡ ಬೇಡ," ಎಂದರು ಮ್ಸೋಸಾ. "ಎದುರು ಬೆಂಚು ಖಾಲಿಯಾದ್ರೆ ನಾನು ಯಾರ ಮೇಲೆ ರೇಗಲಿ? ನೀನು ಹುಡುಕು. ಚೆನ್ನಾಗೇ ಹುಡುಕು. ಸಿಕ್ಕಿದ್ರೆ ಮೊದ್ಲು ನನಗೆ ಹೇಳು."

ಅಧ್ಯಕ್ಷರದು ದೊಡ್ಡ ಮನಸ್ಸು ಎಂದುಕೊಂಡ ಉಲೆಮು. ಹೋದ ವರ್ಷ ಆಕೆಯ ಮೈಕು ಕೆಟ್ಟಾಗ ಅಂದೇ ಹೊಸದು ಹಾಕಿಸಿದವರೂ ಇವರೇ. "ಬೈಯೋದಾದ್ರೂ ನೆಟ್ಟಗೆ ಕೇಳಿಸ್ಲಿ," ಎಂದಿದ್ದರು.

ಮಾರನೆಯ ವಾರ ನ್ಯಾಲುಗ್ವೆ ತಾವೇ ಕಾರಿನಲ್ಲಿ ಬಂದಿಳಿದರು. ಮಾತುಕತೆ ನಡೆದದ್ದು ಮ್ಸೋಸಾ ಅವರ ಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಹೆಂಗಸರು ಮೀನು ಒಣಗಿಸುವ ಬಯಲನ್ನು ಹೋಟೆಲಿನವರಿಗೆ ಬಿಟ್ಟುಕೊಡಬೇಕು. ಅಲ್ಲಿನ ಬಿದಿರು ಚಪ್ಪರಗಳನ್ನು ಮಳೆಗೆ ಮುಂಚೆ ಕಿತ್ತು ಹಾಕಬೇಕು. ಆ ಚಪ್ಪರಗಳ ಮೇಲೇ ಅರ್ಧ ಊರಿನ ಅಡುಗೆ ಮನೆ ನಡೆಯುತ್ತಿತ್ತು.

"ನೀವು ಹೇಳಿದ ಮೇಲೆ ಮುಗೀತಲ್ಲ, ಬಂಬೋ," ಎಂದರು ಮ್ಸೋಸಾ ತಲೆ ತಗ್ಗಿಸಿ. ಅವರು ಯಾವತ್ತೂ ನ್ಯಾಲುಗ್ವೆಯವರ ಮಾತಿಗೆ ಎದುರಾಡಿದವರಲ್ಲ.

ಚಹಾ ಬಗ್ಗಿಸುತ್ತಿದ್ದ ಅಧ್ಯಕ್ಷರ ಹೆಂಡತಿ ಎಸಿನಾಟಿಯ ಕೈ ಅರೆಗಳಿಗೆ ನಿಂತಿತು. ಮೂಲೆಯಲ್ಲಿ ಕೂತಿದ್ದ ಉಲೆಮು ಅದನ್ನು ಕಂಡ. ಎಸಿನಾಟಿ ಮತ್ತು ಮಾಯಿ ಕಾವುಂಗಾ ಚರ್ಚಿನಲ್ಲಿ ಪಕ್ಕಪಕ್ಕದಲ್ಲೇ ನಿಂತು ಹಾಡುವವರು. ಸೋರುತ್ತಿರುವುದು ಅಧ್ಯಕ್ಷರ ಮನೆಯೇ. ಆದರೆ ಪಾಪ, ಆ ಮನುಷ್ಯನ ಮುಂದೆ ನಿಂತು "ನಿಮ್ಮ ಹೆಂಡತಿಯೇ" ಎನ್ನುವುದು ಹೇಗೆ? ಕಣ್ಣಾರೆ ನೋಡಬೇಕು, ಕಿವಿಯಾರೆ ಕೇಳಬೇಕು.

ಶನಿವಾರ ಅಧ್ಯಕ್ಷರು ದೋಣಿಯಲ್ಲಿ ಆಚೆ ದಡದ ಆಸ್ಪತ್ರೆ ನೋಡಲು ಹೋಗಿದ್ದಾರೆಂದು ಸುದ್ದಿ. ಮಧ್ಯಾಹ್ನ ಎಸಿನಾಟಿ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ಹೊರಬಿದ್ದಳು. ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡಿ ಮೀನಿನ ಬಯಲಿಗೆ ಇಳಿದಳು. ಉಲೆಮು ಚಪ್ಪರಗಳ ಮರೆಯಲ್ಲಿ ಹಿಂಬಾಲಿಸಿದ. ಅವಳು ನೇರವಾಗಿ ಮಾಯಿ ಕಾವುಂಗಾ ಅವರ ಅಂಗಳಕ್ಕೆ ನುಗ್ಗಿದಳು. ಅವನು ಜೊಂಡಿನ ಬೇಲಿಗೆ ಕಿವಿ ಹಚ್ಚಿದ.

ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಹೊರಟಾಗ ಅವನ ಮುಖದ ಚಹರೆಯೇ ಬದಲಾಗಿತ್ತು. ದಾರಿಯಲ್ಲಿ ಬೇಡದಿದ್ದರೂ ಒಂದು ಬುಟ್ಟಿ ಮೀನು ಕೊಂಡ. ತನ್ನಷ್ಟಕ್ಕೆ ನಗುತ್ತ ಮನೆ ಸೇರಿದವನು ನ್ಯಾಲುಗ್ವೆಯವರಿಗೆ ಫೋನು ಹಚ್ಚಿದ.

"ಹುಡುಕಿದೆ ಬಂಬೋ. ಎಲ್ಲೂ ಸೋರ್ತಾ ಇಲ್ಲ. ಆ ಹೆಂಗಸೇ ಚುರುಕು."

"ಹಾಗಾದ್ರೆ ನೀನೇ."

ಕಾರ್ಯದರ್ಶಿ ಆಗಲು ಅವನು ಎಷ್ಟು ಜನರ ಚೀಲ ಹೊತ್ತಿದ್ದನೋ.

"ಹಾಗೇ ಅಂದ್ಕೊಳ್ಳಿ, ಬಂಬೋ."

ಸಂಜೆಯೊಳಗೆ ಹುದ್ದೆ ಹೋಯಿತು. ಆಶ್ಚರ್ಯವೆಂದರೆ, ಅವನಿಗೆ ಚೆನ್ನಾಗಿ ಹಸಿವಾಯಿತು.

ಮುಂದಿನ ಸಭೆಯಲ್ಲಿ ಪ್ರೇಕ್ಷಕರ ಸಾಲಿನ ತುಂಬ ಮೀನಿನ ಹೆಂಗಸರು. ಅವರ ನಡುವೆ ಒತ್ತರಿಸಿಕೊಂಡು ಉಲೆಮುವೂ ಕೂತಿದ್ದ. ಹೋಟೆಲಿನ ಪ್ರಸ್ತಾವ ಓದಿ ಮುಗಿಸುವುದರೊಳಗೆ ಮಾಯಿ ಕಾವುಂಗಾ ಎದ್ದಿದ್ದರು. ಅಂದು ಅಧ್ಯಕ್ಷರ ಮಾನ ಮೂರು ಕಾಸಿಗೆ ಹರಾಜಾಯಿತು. ರೇಡಿಯೊದವರು ಒಂದು ಮಾತೂ ಬಿಡದೆ ಹಿಡಿದುಕೊಂಡರು. ಮ್ಸೋಸಾ ಮೇಲಿಂದ ಮೇಲೆ ಬೆವರೊರೆಸಿಕೊಂಡರು. ಕಡೆಗೆ ಹೊರಗಿನ ಜಗಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಫೋನಿನಲ್ಲಿ ಗೋಗರೆದರು.

"ನಾನೇನ್ ಮಾಡ್ಲಿ ಬಂಬೋ? ಆ ಹೆಂಗಸು ಬಿಟ್ರೆ ತಾನೇ? ಇನ್ನು ಆ ಬಯಲು ಮುಟ್ಟಿದ್ರೆ ಮುಂದಿನ ಚುನಾವಣೇಲಿ ನೀವೂ ಇರಲ್ಲ, ನಾನೂ ಇರಲ್ಲ."

ಚಪ್ಪರಗಳು ಉಳಿದವು. ಹೆಂಗಸರು ಮಾಯಿ ಕಾವುಂಗಾ ಅವರನ್ನು ಹೆಗಲ ಮೇಲೆ ಹೊತ್ತು ಹಾಡುತ್ತ ದಡದವರೆಗೂ ನಡೆದರು. ಉಲೆಮು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆ ಶನಿವಾರ ಬೇಲಿಯಾಚೆ ಅವನು ಕೇಳಿದ್ದು ಎಸಿನಾಟಿಯ ದನಿಯನ್ನಲ್ಲ, ಬಾಯಿತುಂಬ ನ್ಸೀಮಾ ಮುದ್ದೆ ತುಂಬಿಕೊಂಡ ಒಂದು ಗಂಡು ದನಿಯನ್ನು: "ಇಷ್ಟು ಮೆತ್ತಗೆ ಬೈದ್ರೆ ನ್ಯಾಲುಗ್ವೆ ಹೆದರೋದಿಲ್ಲ, ಮಾಯಿ. 'ಅಧ್ಯಕ್ಷ ಮ್ಸೋಸಾಗೆ ನಾಚಿಕೆ ಇಲ್ವಾ' ಅಂತ ನನ್ನ ಹೆಸರು ಹಿಡಿದೇ ಬೈಯಿರಿ."