ಮೂರು ಗೆರೆಯ ಗುರುತು

ಹವಾಯಿಯ ಆ ಮನೆತನದವರು ಮೂರು ತಲೆಮಾರಿನಿಂದ ಮೀನನ್ನು ಮರುಳುಮಾಡಿ ಹಿಡಿಯಲು ಗಾಳಕ್ಕೆ ಕಟ್ಟುವ ಬೊಂಬೆಮೀನುಗಳನ್ನು ಮಾಡುತ್ತಿದ್ದರು. ಅಜ್ಜ ಮಾಡಿದವುಗಳನ್ನೇ ಮೂವತ್ತು ವರ್ಷ ಹುಡುಕಿ ಕೂಡಿಹಾಕಿದ್ದ ಸಂಗ್ರಾಹಕನಿಗೆ, ಅವುಗಳ ಕುರಿತ ತನ್ನ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಮೊಮ್ಮಗಳ ಒಂದು ಮಾತು ಬೇಕಿತ್ತು. ಮಾಡುವವರಿಗೆ ಬೆಲೆ ತಿಳಿಯದು ಎಂದು ಅವನಿಗೆ ಮೊದಲಿನಿಂದಲೂ ಅಸಡ್ಡೆ. ಅವಳೋ ದೋಣಿಯಲ್ಲಿ ಕೂತು, ಮೈತುಂಬ ಮೀನಿನ ಹಲ್ಲಿನ ಗಾಯಗಳಿದ್ದ ಬೊಂಬೆಯೊಂದನ್ನು ದಾರಕ್ಕೆ ಕಟ್ಟುತ್ತಿದ್ದಳು.

“ಇದೂ ಅಜ್ಜನದೇ,” ಎಂದಳು.

ಅವನು ಮೂಗು ಮುರಿದ. “ಹೊಟ್ಟೆಯಡಿ ಮೂರು ಗೆರೆ ಎಲ್ಲಿದೆಯಮ್ಮಾ? ಯಾರೋ ನಿನ್ನ ತಲೆಗೆ ಕಟ್ಟಿದ್ದಾರೆ. ಸ್ವಂತ ಅಜ್ಜನ ಕೈಕೆಲಸ ಗುರುತಿಸಲಾರೆ, ನೀನೆಂಥ ಮೊಮ್ಮಗಳು!”

ತನ್ನ ಪೆಟ್ಟಿಗೆ ತೆರೆದ. ನಲವತ್ತು ಬೊಂಬೆಗಳು, ಒಂದರ ಮೇಲೂ ಹಲ್ಲಿನ ಗುರುತಿಲ್ಲದೆ ಹೊಳೆಯುತ್ತಿದ್ದವು.

“ಮೀನು ನಾರುವ ಕೈಯಿಂದ ಮುಟ್ಟಬೇಡ, ಕಣ್ಣಲ್ಲಿ ನೋಡು. ಎಲ್ಲಕ್ಕೂ ಮೂರು ಗೆರೆಯ ರುಜು. ಅವರೇ ಕೊರೆದದ್ದು ತಾನೇ? ಅಷ್ಟು ಹೇಳು, ಸಾಕು.”

ಅವಳು ಬಗ್ಗಿ, ಒಂದೊಂದನ್ನೇ ನಿಧಾನವಾಗಿ ನೋಡಿದಳು.

“ಹೌದು ಸಾಹೇಬರೇ, ಅಜ್ಜನೇ ಕೊರೆದದ್ದು. ಒಂದು ಮೀನೂ ಬಾಯಿ ಹಾಕದ ಬೊಂಬೆಗೆ ಮೂರು ಗೆರೆ ಎಳೆದು ಮೂಲೆಗೆ ಎಸೆಯುತ್ತಿದ್ದ, ಮರೆತು ಇನ್ನೊಮ್ಮೆ ಸಮುದ್ರಕ್ಕೆ ಒಯ್ಯಬಾರದಲ್ಲ!”