ಬೀಗಿತ್ತಿ ಕಿತ್ತ ಸಾಸಿವೆ

"ನೋಡಿ ಬೀಗರೇ, ನೀವು ಪೇಟೆಯಿಂದ ಬರೋದ್ರೊಳಗೆ ನಿಮ್ಮ ತೋಟಾನ ಕನ್ನಡಿ ಮಾಡಿಟ್ಟಿದ್ದೀನಿ. ಎಷ್ಟೊಂದು ಕಳೆ ಬೆಳೆಸಿದ್ರಿ!" ಎಂದು ಬೀಗಿತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ತೋಟದಮ್ಮ ಹಿಡಿದ ಕೈಚೀಲ ಕೆಳಗಿಡುವುದನ್ನೂ ಮರೆತಳು. ಎಲೆಕೋಸಿನ ಸಾಲುಗಳ ನಡುನಡುವೆ ತಾನೇ ಬಿತ್ತಿ ಬೆಳೆಸಿದ್ದ ಸಾಸಿವೆ ಒಂದು ಗಿಡವೂ ಉಳಿದಿರಲಿಲ್ಲ. ಬೀಗಿತ್ತಿ ಆಳುಗಳನ್ನು ಕರೆತಂದು ಎಲ್ಲವನ್ನೂ ಬೇರುಸಹಿತ ಕೀಳಿಸಿ, ಗೊಬ್ಬರವಾಗಲಿ ಎಂದು ಕೋಸಿನ ಬುಡದಲ್ಲೇ ಮಲಗಿಸಿದ್ದಳು.

ಆ ಸಾಸಿವೆ ಹುಳಕ್ಕೆಂದೇ ಬಿತ್ತಿದ್ದು. ಕೋಸಿಗೆ ಮೊಟ್ಟೆಯಿಡಲು ಬರುವ ಪತಂಗಕ್ಕೆ ಸಾಸಿವೆ ಎಲೆಯೆಂದರೆ ಪ್ರಾಣ. ಸಾಸಿವೆ ಪಕ್ಕದಲ್ಲಿದ್ದರೆ ಪತಂಗ ಕೋಸಿನ ತಂಟೆಗೆ ಬರುವುದು ಕಡಿಮೆ. ಹುಳ ತುಂಬಿದ ಸಾಸಿವೆಗಷ್ಟೇ ಬೇವಿನೆಣ್ಣೆ ಹೊಡೆದರೆ ಮುಗಿಯಿತು, ಕೋಸಿಗೆ ಒಂದು ಹನಿ ವಿಷವೂ ಬೇಡ. ವಿಷ ಮುಟ್ಟಿಸದ ಕೋಸು ಎಂದೇ ಆಸ್ಪತ್ರೆಯ ಅಡುಗೆಮನೆಯವರು ಇಡೀ ತೋಟದ ಬೆಳೆಯನ್ನು ಒಪ್ಪಿಕೊಂಡಿದ್ದರು. ಆ ಮಾತು ಗಟ್ಟಿ ಮಾಡಿಕೊಂಡು ಬರಲೆಂದೇ ತೋಟದಮ್ಮ ಹಿಂದಿನ ದಿನ ಪೇಟೆಗೆ ಹೋದದ್ದು. ಈಗ ಹಸಿರು ಹುಳಗಳು ಬಾಡಿದ ಸಾಸಿವೆ ಬಿಟ್ಟು ಕೋಸು ಹತ್ತತೊಡಗಿದ್ದವು. ಕೋಸು ಗಡ್ಡೆ ಕಟ್ಟುವ ಹೊತ್ತು. ಹುಳ ಒಮ್ಮೆ ಎಲೆಯ ಮಡಿಕೆಯೊಳಗೆ ಹೊಕ್ಕರೆ ಎಣ್ಣೆಯೂ ತಲುಪದು, ಆಸ್ಪತ್ರೆಯವರೂ ಮುಟ್ಟರು.

ನಾಲಿಗೆಯ ತುದಿಗೆ ಬಂದ ಮಾತನ್ನು ತೋಟದಮ್ಮ ನುಂಗಿಕೊಂಡಳು. ಒಬ್ಬಳೇ ಮಗಳು ಇವಳ ಮನೆಯ ಸೊಸೆ. ಇಲ್ಲಿ ಒಂದು ಮಾತು ಜಾರಿದರೆ ಅಲ್ಲಿ ಅಡುಗೆಮನೆಯಲ್ಲಿ ಬಡ್ಡಿ ಸೇರಿಸಿ ವಸೂಲಾಗುತ್ತದೆ. ಬೀಗಿತ್ತಿ ಕೆಟ್ಟವಳೇನಲ್ಲ, ಕಣ್ಣು ಮಾತ್ರ ಅತಿ ಚುರುಕು. ತೊಳೆದ ತಟ್ಟೆಯಲ್ಲಿ ಕಲೆ, ಗುಡಿಸಿದ ಮೂಲೆಯಲ್ಲಿ ಕೂದಲು, ಆರಿಸಿದ ಬೇಳೆಯಲ್ಲಿ ಕಲ್ಲು, ಎಲ್ಲವೂ ಅವಳಿಗೇ ಸಿಗಬೇಕು.

"ಎಂಥ ಉಪಕಾರ ಮಾಡಿದ್ರಿ ಬೀಗರೇ," ಎಂದಳು ತೋಟದಮ್ಮ. "ಆದ್ರೆ ನನಗೊಂದು ಸಂಕಟ. ಕೋಸಿಗೆ ಹುಳ ಬಿದ್ದಿರೋ ಹಾಗಿದೆ. ಎಲೇನೂ ಹಸಿರು, ಹುಳಾನೂ ಹಸಿರು, ನನ್ನ ಕಣ್ಣಿಗೆ ಕಾಣಬೇಕಲ್ಲ! ನಮ್ಮ ಹುಡುಗಿ ಹೇಳ್ತಾನೇ ಇರ್ತಾಳೆ, ನಮ್ಮತ್ತೆ ಕಣ್ಣಿಂದ ಇರುವೆ ಕೂಡ ತಪ್ಪಿಸಿಕೊಳ್ಳಲ್ಲ ಅಂತ."

"ಹಾಗಂತಾಳಾ?" ಬೀಗಿತ್ತಿಯ ಮುಖ ಅರಳಿತು. "ನನ್ನೆದುರಿಗೆ ಒಂದು ದಿನಾನೂ ಅಂದಿಲ್ಲ!"

"ಎದುರಿಗೆ ಹೇಳೋಕೆ ಸಂಕೋಚ. ನೀವಿಲ್ಲದಾಗ ಬಹಳ ಹೇಳ್ತಾಳೆ."

ಬೀಗಿತ್ತಿ ಕನ್ನಡಕ ಏರಿಸಿ ಹತ್ತಿರದ ಗಿಡಕ್ಕೆ ಬಗ್ಗಿದಳು. "ಇಗೋ, ಸಿಕ್ಕಿದ ಕಳ್ಳ! ಇಲ್ಲೊಂದು! ಅಯ್ಯಯ್ಯೋ ಬೀಗರೇ, ಇದೂ ಕಾಣಲ್ವಾ ನಿಮಗೆ?"

"ಎಲ್ಲಿ?" ತೋಟದಮ್ಮ ಬೇಕೆಂದೇ ಪಕ್ಕದ ಗಿಡ ನೋಡಿದಳು.

ಅಷ್ಟೇ ಸಾಕಾಯಿತು. ಬೀಗಿತ್ತಿ ತನ್ನ ಆಳುಗಳನ್ನು ನಿಲ್ಲಿಸಿಕೊಂಡಳು, ಮನೆಯಿಂದ ಸೊಸೆಯನ್ನೂ ಕರೆಸಿದಳು. ಎಲ್ಲರ ಕೈಗೂ ಸೋಪುನೀರಿನ ಡಬ್ಬಿ ಕೊಟ್ಟು ಸಾಲು ಹಂಚಿದಳು. ಮುಟ್ಟಿದೊಡನೆ ನೂಲು ಬಿಟ್ಟು ಜೋತುಬೀಳುವ ಹುಳವನ್ನು ಅವಳು ಗಾಳಿಯಲ್ಲೇ ಹಿಡಿದಳು. ಸೊಸೆ ಮುಗಿಸಿದ ಸಾಲಿಗೆ ಹಿಂದಿನಿಂದಲೇ ಹೋಗಿ, ಎಲೆಯಡಿಯಿಂದ ಇನ್ನಷ್ಟು ತೆಗೆದು ಅವಳ ಮೂಗಿನ ಮುಂದೆ ಹಿಡಿದಳು. "ಇದಕ್ಕೆ ಆರಿಸೋದು ಅಂತಾರೇನೇ?" ಮಗಳಿಗೆ ಬೀಳುವ ಬೈಗುಳ ತೋಟದಮ್ಮನ ಕಿವಿಗೆ ಅಂದು ಸಂಗೀತದಂತೆ ಕೇಳಿಸಿತು.

ನಡುಹಗಲಲ್ಲಿ ಬೀಗಿತ್ತಿ ಬೆವರೊರೆಸಿಕೊಂಡು ಕೇಳಿದಳು, "ಅಲ್ಲಾ, ಇಷ್ಟೊಂದು ಹುಳ ಒಂದೇ ಸಲ ಎಲ್ಲಿಂದ ಬಂತು?"

"ಪಾಪ, ಎಲ್ಲೋ ಸುಖವಾಗಿದ್ದವು. ಯಾರೋ ಅವುಗಳ ಮನೇನೇ ಕಿತ್ತು ಹಾಕಿರಬೇಕು."

"ಯಾರೋ ತಲೆಯಿಲ್ಲದವರು!"

ಮಗಳಿಗೆ ಎಲ್ಲಿಲ್ಲದ ಕೆಮ್ಮು ಬಂತು. ಡಬ್ಬಿ ಸಮೇತ ಆಚೆ ತಿರುಗಿ ಕೂತಳು.

ಮರುದಿನ ಬೀಗಿತ್ತಿ ಕರೆಯದೆಯೇ ಬಂದಳು. "ಆ ಮೂಲೆ ಸಾಲುಗಳನ್ನ ಆಳುಗಳಿಗೆ ಬಿಟ್ಟದ್ದು ತಪ್ಪಾಯ್ತು ಬೀಗರೇ. ಕೂತಲ್ಲಿ ಕೂರೋಕಾಗಲಿಲ್ಲ." ಅದರ ಮರುದಿನವೂ ಬಂದಳು. ಬಿಸಿಲೇರುವ ಹೊತ್ತಿಗೆ ತೋಟದಲ್ಲಿ ಹುಳವನ್ನು ಹುಡುಕಿಕೊಂಡು ಹೋಗಬೇಕಾಯಿತು. ಗಡ್ಡೆಗಳು ಬಿಗಿಯಾಗಿ, ತೂತಿಲ್ಲದೆ ಕೂತಿದ್ದವು. ಆಸ್ಪತ್ರೆಯ ಗಾಡಿ ಇನ್ನು ಧಾರಾಳವಾಗಿ ಬರಬಹುದು ಎಂದುಕೊಂಡಳು ತೋಟದಮ್ಮ.

ಆಗ ಮಗಳ ಫೋನು ಬಂತು.

"ಅಮ್ಮಾ, ಕಾಫಿ ಕುಡೀತಾ ಇದ್ದೀನಿ. ಕೂತ್ಕೊಂಡು ಕುಡೀತಾ ಇದ್ದೀನಿ, ಗೊತ್ತಾ? ಬೆಳಿಗ್ಗೆ ತಟ್ಟೆ ತೊಳೆದಿಟ್ಟೆ, ಯಾರೂ ಅದನ್ನ ಬೆಳಕಿಗೆ ಹಿಡಿದು ನೋಡಲಿಲ್ಲ. ಮನೆ ಎಷ್ಟು ತಣ್ಣಗಿದೆ ಅಂತೀಯ!"

"ಕುಡಿ ತಾಯಿ, ಕುಡಿ."

"ಹುಳ ಇನ್ನೂ ಎಷ್ಟಿದೆ?"

"ಮುಗೀತು ಕಣೇ. ಇನ್ನೇನು, ನಿಮ್ಮತ್ತೇನ ಕಳಿಸಿಬಿಡ್ತೀನಿ."

ಅತ್ತ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ, "ಇಷ್ಟು ಬೇಗಾನಾ?"

ತೋಟದಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಗೆ ಹಾಕಲೆಂದು ಬೆರಳಲ್ಲಿ ಹಿಡಿದಿದ್ದ ಹುಳವನ್ನು ನೋಡಿದಳು. ಬೀಗಿತ್ತಿ ಕನ್ನಡಕ ಒರೆಸಿಕೊಳ್ಳುತ್ತ ಮುಂದಿನ ಸಾಲಿಗೆ ಬರುತ್ತಿದ್ದಳು. ತೋಟದಮ್ಮ ಆಚೀಚೆ ಕಣ್ಣಾಡಿಸಿ, ಆ ಸಾಲಿನ ಕೋಸೊಂದರ ಹೊರಗಿನ ಎಲೆಯ ಮೇಲೆ, ಚೆನ್ನಾಗಿ ಕಾಣುವ ಹಾಗೆ, ಹುಳವನ್ನು ಮೆಲ್ಲನೆ ಮಲಗಿಸಿದಳು.